ರಾಜಕುಮಾರಿಯ ತಲೆನೋವು

ದೆಹಲಿಯ ಜನಕಪುರಿಯ ನಮ್ಮ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಬರುವವರೆಲ್ಲ ಕೆಳಗಿನ ದಂತವೈದ್ಯರ ಬಾಗಿಲಿನಿಂದಲೇ ಹತ್ತಿ ಬರುತ್ತಾರೆ. ನೋಡಿದವರು ಹಲ್ಲುನೋವು ಅಂದುಕೊಳ್ಳಲಿ ಅಂತ. ಅಂಥಲ್ಲಿಗೆ ಅರಬ್ ರಾಜಕುಮಾರಿಯೊಬ್ಬರು ಬರುತ್ತಾರೆ, ಮನಸ್ಸಿನ ಕಾಯಿಲೆಗೆ ನಾಚಬೇಡಿ ಎಂದು ತಮ್ಮ ಸೀಮೆಯಲ್ಲೆಲ್ಲ ಹೇಳುತ್ತಿರುವವರು ಎಂದಾಗ ನನಗೆ ಅನುಮಾನವೇ ಬಂತು. ಅರಮನೆಯವರಿಗೆ ನಾಚಿಕೆ ಬಿಡುವುದೇನು ಕಷ್ಟ?

ಅವರು ಬಂದ ದಿನವೇ ಸೇನಾಧಿಕಾರಿಯೊಬ್ಬರ ಹೆಂಡತಿ ಮುತ್ತಮ್ಮ ಬಂದು ಕೂತಿದ್ದರು. ರಾಜಕುಮಾರಿಯ ಜೊತೆ ಬಂದ ಫೋಟೋದವನ ಕ್ಯಾಮೆರಾ ಕಂಡದ್ದೇ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, "ಫೋಟೋ ಬಂದು ಮನೇಲಿ ಗೊತ್ತಾದ್ರೆ ಮತ್ತೆ ನಾನು ಬರೋಕಾಗಲ್ಲ ಮೇಡಂ," ಎಂದು ನನಗೆ ಪಿಸುಗುಟ್ಟಿದರು.

ರಾಜಕುಮಾರಿ ಅದನ್ನು ಗಮನಿಸಿ ಫೋಟೋದವನನ್ನು ಹೊರಗೆ ಕಳಿಸಿದರು. ಮುತ್ತಮ್ಮನ ಪಕ್ಕ ಕೂತು ಇಂಗ್ಲಿಷಿನಲ್ಲಿ ಕೇಳಿದರು: "ಮನೇಲಿ ಏನು ಹೇಳಿ ಬಂದಿದ್ದೀರಿ?"

"ಹಲ್ಲುನೋವು ಅಂತ."

"ನಾನು ಎಷ್ಟೋ ವರ್ಷ ತಲೆನೋವು ಅಂತಿದ್ದೆ. ಅರಮನೆಯಲ್ಲಿ ಎಲ್ಲರೂ ನಂಬಿದ್ದರು."

ಮುತ್ತಮ್ಮ ಜೋರಾಗಿ ನಕ್ಕರು. ರಾಜಕುಮಾರಿಯ ಕಾರು ಹೊರಟ ಮೇಲೆ ಮಾತ್ರ, "ಹೋದಲ್ಲೆಲ್ಲ ಇದನ್ನೇ ಹೇಳ್ತಾರೋ ಏನೋ," ಎಂದರು. ನನಗೂ ಅದೇ ಅನುಮಾನ.

ಮುಂದಿನ ವಾರ ಮುತ್ತಮ್ಮ ತಪ್ಪದೆ ಬಂದರು, ದಂತವೈದ್ಯರ ಮೆಟ್ಟಿಲು ಹತ್ತಿಯೇ. "ಈ ಸಲ ಯಜಮಾನರ ಹತ್ರ ತಲೆನೋವು ಅಂದೆ," ಎಂದರು.

ಇರಲಿ, ನೋವು ಹಲ್ಲಿನಿಂದ ತಲೆಗಾದರೂ ಏರಿತಲ್ಲ.