ಪಕ್ಕದ ಮನೆಯತ್ತೆಯ ತವರು

ಪಕ್ಕದ ಮನೆಯತ್ತೆಯ ಕಾಲ್ಬೆರಳುಗಳು ಬೀಸಣಿಗೆಯಂತೆ ಅಗಲವಾಗಿ ಬಿಚ್ಚಿಕೊಂಡಿದ್ದವು. ಭದ್ರಾವತಿಯ ನಮ್ಮ ಲೇಬರ್ ಕ್ವಾರ್ಟರ್ಸಿನ ನಲ್ಲಿಯ ಹತ್ತಿರ ಹೆಂಗಸರು ನಕ್ಕರೆ, "ಮರಳಲ್ಲಿ ನಡೆದ ಕಾಲು ಮಾರಾಯ್ತಿ, ನಿಮ್ಮ ಚಪ್ಲಿ ಇದಕ್ಕೆಲ್ಲಿ ಸಾಲತ್ತೆ?" ಎಂದು ತಾವೂ ನಗುತ್ತಿದ್ದರು.

ಅವರು ಹುಟ್ಟಿದ್ದು ಘಟ್ಟದ ಕೆಳಗಿನ ಒಂದು ದ್ವೀಪದಲ್ಲಿ. ಸರ್ಕಾರ ಅದನ್ನು ರಕ್ಷಿತ ಕಾಡು ಮಾಡಿ, ಇದ್ದ ನಾಲ್ಕು ಮನೆಯವರನ್ನು ಒಕ್ಕಲೆಬ್ಬಿಸಿತ್ತು. ಅಪ್ಪ ಅಮ್ಮ ತೀರಿಹೋಗಿದ್ದರು, ಅಣ್ಣತಮ್ಮಂದಿರು ಇರಲಿಲ್ಲ. ಗೌರಿ ಹಬ್ಬಕ್ಕೆ ಎಲ್ಲರೂ ತವರಿನ ಸೀರೆ ತೋರಿಸಿಕೊಂಡರೆ ಅತ್ತೆ, "ನನ್ನ ತವರು ಉಡೋಕೆ ಸಿಗೋದಲ್ಲ ಬಿಡಿ, ಕಾಡೊಂದು ಕಡೆ, ಕಡಲೊಂದು ಕಡೆ" ಎನ್ನುತ್ತಿದ್ದರು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ಶಿವಮೊಗ್ಗದಿಂದ ಬಸ್ಸು ಗೊತ್ತುಮಾಡಿ ನಾವೆಲ್ಲ ಆ ದ್ವೀಪಕ್ಕೆ ಹೊರಟೆವು. "ನನ್ನ ತವರಿಗೆ ಬನ್ನಿ" ಎಂದು ಅತ್ತೆ ಮನೆಮನೆಗೂ ಕುಂಕುಮ ಕೊಟ್ಟು ಕರೆದಿದ್ದರು. ದೋಣಿ ಇಳಿದದ್ದೇ ತಡ, ಕಾಡಿನ ಕಾಲುದಾರಿ ಹತ್ತಿಸಿ, ಪಾಯದ ಕಲ್ಲು ತೋರಿಸಿ, "ಇದೇ ನಮ್ಮ ನಡುಮನೆ, ಕೂತ್ಕೊಳ್ಳಿ, ಸಂಕೋಚ ಬೇಡ" ಎಂದು ಉಪಚಾರ ಮಾಡಿದರು. ಹೊರಡುವಾಗ ತಮ್ಮ ಅಪ್ಪ ನೆಟ್ಟ ಮುರುಗಲು ಮರದ ಕೆಂಪು ಹಣ್ಣು ಬಿಡಿಸಿ ಸೆರಗಿಗೆ ತುಂಬಿಕೊಂಡರು. ತವರಿನಿಂದ ಹೊರಟ ಮಗಳಿಗೆ ಮಡಿಲು ತುಂಬಲು ಅಲ್ಲಿ ಬೇರೆ ಯಾರಿದ್ದರು?

ದೋಣಿಯ ಬಳಿ ಫಾರೆಸ್ಟ್ ಗಾರ್ಡ್ ಒಬ್ಬ ತಡೆದ. "ಇಲ್ಲಿಂದ ಒಂದು ಕಡ್ಡೀನೂ ಒಯ್ಯಂಗಿಲ್ಲ. ಸುರೀರಿ."

"ತವರಿಂದ ಬರಿ ಮಡಿಲಲ್ಲಿ ಕಳಿಸ್ತಾರೇನಪ್ಪಾ?"

"ತವರಾ? ಇದು ಸರ್ಕಾರದ ಕಾಡು. ಕದ್ದಿದ್ದು ಸುರೀತೀರೋ, ಕೇಸ್ ಹಾಕ್ಲೋ?"

ಅತ್ತೆ ನಮ್ಮ ಕಡೆ ತಿರುಗಿ ನೋಡಿದರು. ಮುತ್ತೈದೆಯ ಮಡಿಲು ಬರಿದು ಮಾಡಿಸಬಾರದು ಅಂತ ಒಬ್ಬರಾದರೂ ಹೇಳಬೇಕಿತ್ತು. ಯಾರು ಹೇಳುತ್ತಾರೆ? ಎಲ್ಲರ ಚೀಲದಲ್ಲೂ ದಡದಲ್ಲಿ ಆಯ್ದ ಚಿಪ್ಪು. ನನ್ನ ಅಮ್ಮನ ಟಿಫಿನ್ ಕ್ಯಾರಿಯರಿನಲ್ಲಂತೂ ಡಬ್ಬಿ ತುಂಬ. ಬಾಯಿ ಬಿಟ್ಟರೆ ಗಾರ್ಡ್ ಅದನ್ನೂ ತೆಗೆಸುತ್ತಿದ್ದ. ಅತ್ತೆ ಮರಳಿನ ಮೇಲೆ ಸೆರಗು ಕೊಡವಿದರು. ಛೀ, ಆ ಹೊತ್ತು ನೆನೆದರೆ ಇಂದಿಗೂ ನನಗೆ ತಲೆ ಎತ್ತಲಾಗುವುದಿಲ್ಲ.

ಆಮೇಲೆ ಅತ್ತೆ ನಲ್ಲಿಯ ಬಳಿ ದ್ವೀಪದ ಮಾತೆತ್ತಲಿಲ್ಲ. ಅಮ್ಮ ಆ ಚಿಪ್ಪುಗಳನ್ನು ಯಾರಿಗೂ ತೋರಿಸಲಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ಜ್ವರ ಬಂದು, ಗಂಡನಿಗಿಂತ ಮೊದಲೇ ತೀರಿಕೊಂಡರು. ಮುತ್ತೈದೆಗೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. "ತವರಿನ ಕಡೆಯವರು ಯಾರಿದೀರಿ?" ಎಂದು ಹಿರಿಯರೊಬ್ಬರು ಕೂಗಿದರು. ಅಮ್ಮ ಮನೆಗೆ ಓಡಿ, ತನ್ನ ಹೊಸ ಸೀರೆ ತಂದು ಹೊದಿಸಿ, ಆ ಚಿಪ್ಪುಗಳನ್ನೆಲ್ಲ ಅತ್ತೆಯ ಮಡಿಲಿಗೆ ತುಂಬಿದಳು.

"ಯಾರು ಕಳಿಸಿದ್ದಮ್ಮಾ ಇದು?" ಎಂದರು ಆ ಹಿರಿಯರು.

"ತವರಿಂದ ಬಂದಿದ್ದು" ಎಂದಳು ಅಮ್ಮ. ಅಲ್ಲಿದ್ದ ಯಾವ ಹೆಂಗಸೂ ಅವಳ ಮುಖ ನೋಡಲಿಲ್ಲ.