ಬೂಟಿನೊಳಗೆ ಬಂದ ದಾಸವಾಳ

ನಾನು ಸ್ಮಗ್ಲರ್. ಹೌದ್ರಿ, ಪ್ರತಿ ವಾರ ಇದೇ ಅಂಕಣದಲ್ಲಿ ನಿಮಗೆ ಉಪದೇಶ ಮಾಡುವ ಇದೇ ಮನುಷ್ಯ!

ಹೋದ ವರ್ಷ ಸಿಂಗಾಪುರಕ್ಕೆ ಹೋಗಿದ್ದೆ (ಲಕ್ಕಿ ಡ್ರಾ, ನನ್ನ ಯೋಗ್ಯತೆಯಲ್ಲ). ಹೋಟೆಲ್ ಅಂಗಳದಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಹಳದಿ ದಾಸವಾಳ. ಕೈ ಸುಮ್ಮನಿರಬೇಕಲ್ಲ? ಟೊಂಗೆ ಮುರಿದು, ಒದ್ದೆ ಕಾಲುಚೀಲದಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿದ್ದ ಬೂಟಿನೊಳಗೆ ತುರುಕಿದೆ.

ಹೊರದೇಶದ ಬೀಜ, ಗಿಡ ತರಲು ಮೊದಲೇ ಪರ್ಮಿಟ್ ಬೇಕು. ರೋಗವಿಲ್ಲವೆಂದು ಆ ದೇಶದವರು ಕೊಟ್ಟ ಸರ್ಟಿಫಿಕೇಟ್ ಬೇಕು. ಇಳಿದ ಮೇಲೆ ಇಲ್ಲಿಯವರ ತಪಾಸಣೆಯೂ ಆಗಬೇಕು. ವಿಮಾನ ನಿಲ್ದಾಣದ ಬೋರ್ಡಿನಲ್ಲಿ ಓದಿದ್ದೆ. ಗೇಣುದ್ದ ಟೊಂಗೆಗೆ ಇಷ್ಟೆಲ್ಲ ಕಾರುಬಾರೇ ಎಂದು ನಕ್ಕು ಹೊರಬಿದ್ದೆ.

ನಮ್ಮ ಗದಗ ಜಿಲ್ಲೆಯೇನೋ ಆಗಿತ್ತು, ಆದರೆ ಇಲ್ಲಿ ಫಾರಿನ್ ದಾಸವಾಳ ಇರಲಿಲ್ಲ. ಟೊಂಗೆಯನ್ನು ಅಂಗಳದಲ್ಲಿ ನೆಟ್ಟು, ಹೂ ಬಿಡಿಸಿ ಆ ಕೊರತೆ ನಾನು ನೀಗಿಸಿದೆ! ಬೆಟಗೇರಿಯ ನಮ್ಮ ಓಣಿಯವರೆಲ್ಲ ಟೊಂಗೆ ಕೇಳಿದರು. ಕೇಳಿದವರಿಗೆ ಇಲ್ಲವೆನ್ನುವ ರಿವಾಜು ನಮ್ಮಲ್ಲಿಲ್ಲ. ನಮ್ಮ ಮನೆಗೆ ವಾರವಾರ ಬದನೆಕಾಯಿ ತರುವ ಅಂತೂರ ಬೆಂತೂರ ಹಳ್ಳಿಯ ರೈತ ದಾದಾಪೀರ ಕೇಳಿರಲಿಲ್ಲ. ಅವನಿಗೆ ನಾನೇ ಒತ್ತಾಯ ಮಾಡಿ ಕೊಟ್ಟೆ.

"ಬದನಿ ಹೊಲದ ಬದುವಿಗೆ ಹಚ್ಚೋ, ಚಂದ ಕಾಣತೈತಿ" ಎಂದೆ.

ಹೋದ ತಿಂಗಳು ಅವನ ಫೋನ್. "ಸರ್, ಜಲ್ದಿ ಬರ್ರಿ. ಬದನಿಗಿಡಕ್ಕ ಹಿಟ್ಟು ಚೆಲ್ಲಿದಂಗ ಬೆಳ್ಳಗ ಹುಳ ಹತ್ಯಾವು."

ಹೋದೆ. ತೋಟಗಾರಿಕೆ ಅಧಿಕಾರಿಯೊಬ್ಬರು ದಾಸವಾಳದ ಎಲೆ ತಿರುವಿ ನೋಡುತ್ತಿದ್ದರು. "ಹುಳ ಇಲ್ಲಿಂದನ ಹಬ್ಬೈತಿ. ಈ ಗಿಡ ಎಲ್ಲಿಂದ ತಂದಿ?"

ದಾದಾಪೀರ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಸಂತ್ಯಾಗ ತಂದಿದ್ನಿರಿ" ಎಂದುಬಿಟ್ಟ.

ಬೆಳೆ ಹಾಳಾದವನು ನನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾನೆ, ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೇನೆ. ಥೂ ನನ್ನ ಜನ್ಮಕ್ಕೆ! ನಾಚಿಕೆಯಿಂದ ಬೂಟಿನ ಕಥೆ ಪೂರ್ತಿ ಒಪ್ಪಿಕೊಂಡೆ.

"ಓದಿದವರು ನೀವ ಹಿಂಗ ಮಾಡಿದ್ರ ಹೆಂಗ್ರಿ?" ಎಂದರು ಅಧಿಕಾರಿ.

ಅರ್ಧ ಹೊಲದ ಬದನೆ ಕಿತ್ತು ಸುಟ್ಟೆವು. ಮರುದಿನ ಓಣಿಯಲ್ಲಿ ಮನೆಮನೆಗೆ ಹೋಗಿ, ಕೊಟ್ಟ ಗಿಡಗಳನ್ನು ವಾಪಸ್ ಕೇಳಿದೆ. (ಕೊಟ್ಟು ಕಸಿದುಕೊಳ್ಳುವ ಗಂಡಸನ್ನು ಹೆಂಗಸರು ಹೇಗೆ ನೋಡುತ್ತಾರೆಂದು ಈಗ ಗೊತ್ತು.)

ಮೊನ್ನೆ ದಾದಾಪೀರ ಉಳಿದ ಗಿಡಗಳ ಬದನೆಕಾಯಿ ತಂದ. ನನಗೋ ಹೊಸದಾಗಿ ಬಂದ ಬುದ್ಧಿ. ಒಂದೊಂದನ್ನೇ ಎತ್ತಿ, ತೊಟ್ಟಿನ ಬುಡದಲ್ಲಿ ಹುಳ ಇದೆಯೇ ಎಂದು ಹುಡುಕತೊಡಗಿದೆ.

"ನೋಡ್ರಿ ಸರ್, ಸಾವಕಾಶ ನೋಡ್ರಿ" ಎಂದ ದಾದಾಪೀರ. "ನೀವು ಕೊಟ್ಟ ಟೊಂಗಿ ನಾ ನೋಡದೇ ತಗೊಂಡಿದ್ದೆ."