ಅರಿಶಿನದ ಕವರಿನಲ್ಲಿ ಹೋದ ಆಸ್ಪತ್ರೆಯ ಕಾಗದ

ನನಗೆ ಹರೆಯ ಬಂದದ್ದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಸೋಮವಾರ, ಬೆಳಗಿನ ಕಾಫಿಗೂ ರಾಗಿ ಗಂಜಿಗೂ ನಡುವೆ. ಮೊಬೈಲು ಟಿಣ್ ಎಂದಿತು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರೆ ತಮಿಳಿನಲ್ಲಿ ಒಂದು ಮೆಸೇಜು. 'ಅನ್ಬು ತೋಳಿಯೇ' ಎಂದು ಶುರುವಾಗಿತ್ತು, ಅಂದರೆ ಪ್ರಿಯ ಗೆಳತಿಯೇ. ನಿನ್ನ ದೇಹದಲ್ಲಿ ಈಗ ಆಗುತ್ತಿರುವ ಬದಲಾವಣೆಗಳಿಗೆ ಹೆದರಬೇಡ, ಎಲ್ಲ ಹುಡುಗಿಯರಿಗೂ ಹೀಗೇ ಆಗುತ್ತದೆ, ಎಂದು ಅದರ ಸಾರಾಂಶ.

ಆಗ ನನ್ನ ದೇಹದಲ್ಲಿ ಆಗುತ್ತಿದ್ದ ಬದಲಾವಣೆ ಎಡಮೊಣಕಾಲಿನದು ಒಂದೇ. ಆದರೂ ನನ್ನನ್ನು ಇಷ್ಟು ಅಕ್ಕರೆಯಿಂದ ವಿಚಾರಿಸಿದವರು ಇಷ್ಟು ವರ್ಷಗಳಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ಮಾರನೆಯ ದಿನ ಮುಟ್ಟಿನ ಬಟ್ಟೆಯನ್ನು ಬಿಸಿಲಿನಲ್ಲಿ ಯಾಕೆ ಒಣಗಿಸಬೇಕು ಎಂದು ಬಂತು. ಬುಧವಾರ, ನಿನಗೇನಾದರೂ ಅನುಮಾನವಿದ್ದರೆ ನಾಚಿಕೊಳ್ಳದೆ ಇಲ್ಲಿ ಬರೆದು ಕಳಿಸು ಎಂದಿತು. ಅನುಮಾನ ನನಗೆ ಒಂದೇ ಇತ್ತು, ಇದೆಲ್ಲ ನನಗೇಕೆ ಬರುತ್ತಿದೆ ಎಂದು. ಆದರೆ ಅದನ್ನು ಬರೆದು ಕಳಿಸುವಂತಿರಲಿಲ್ಲ.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಬೇಕು. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮೊರಪ್ಪೂರಿನಿಂದ ಒಳಗೆ ಹೋದರೆ ಸಿಗುವ ನಮ್ಮ ಹಳ್ಳಿಯ ಅಂಚೆಮನೆಗೆ ನಾನು ನಲವತ್ತು ವರ್ಷ ಯಜಮಾನನಾಗಿದ್ದೆ. ಗುಮಾಸ್ತ, ಪೋಸ್ಟ್‌ಮನ್, ಕಸ ಗುಡಿಸುವವನೂ ನಾನೇ. ಮನೆಮಾತು ಕನ್ನಡವಾದರೂ ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರಗಳನ್ನು ಕಲಿತದ್ದು, ಆನೇಕಲ್ಲಿನ ಕಡೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರೆಸುತ್ತಿದ್ದ ಕಾಗದಗಳನ್ನು ಇಲ್ಲಿ ಓದಿಹೇಳುವುದಕ್ಕಾಗಿ. ಯಾವ ಅತ್ತೆ ಯಾವ ಸೊಸೆಯನ್ನು ಹೊಡೆದಳು, ಯಾರ ಗಂಡ ಎಲ್ಲಿ ಇನ್ನೊಂದು ಒಲೆ ಹೂಡಿದ, ಎಲ್ಲವೂ ನನ್ನ ಹೊಟ್ಟೆಯೊಳಗೆ ಹೋಗಿ ಅಲ್ಲೇ ಉಳಿದಿವೆ. ಹೆಂಡತಿಗೂ ಹೇಳಿದವನಲ್ಲ. ಇದು ನನ್ನ ಸದ್ಗುಣವೆಂದು ನಾನು ತಿಳಿದಿದ್ದೆ. ಊರಿನ ಹುಡುಗಿಯರು ಅದನ್ನು ಒಂದು ಸೌಕರ್ಯವೆಂದು ತಿಳಿದಿದ್ದರು.

ಹೇಗೆಂದರೆ, ಆ ಶನಿವಾರ ಎದುರು ಬೀದಿಯ ಹುಡುಗಿ, ಹದಿನಾರು ವರ್ಷದವಳು, ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ ಓದುತ್ತಿದ್ದವಳು, ಜಗಲಿಯ ಕಂಬ ಹಿಡಿದುಕೊಂಡು ನಿಂತಳು.

"ತಾತ, ಬೈಬ್ಯಾಡಿ. ನಿಮ್ ಫೋನ್‌ಗೆ ಏನಾದ್ರೂ ಬಂತಾ?"

"ಬಂತು. ನಾನು ದೊಡ್ಡವಳಾಗಿದ್ದೀನಂತೆ."

ಅವಳು ನೆಲ ನೋಡಿದಳು. "ಸ್ಕೂಲ್‌ಗೆ ನರ್ಸಕ್ಕ ಬಂದಿದ್ರು. ನಂಬರ್ ಬರೀರಿ, ಮೆಸೇಜ್ ಬರ್ತೈತೆ ಅಂದ್ರು. ನಮ್ಮನೆ ಫೋನು ಅಪ್ಪನ್ ಕೈಲಿ ಸೇಲಂನಾಗೈತೆ. ಅದ್ಕೇ ನಿಮ್ದು ಬರ್ದೆ."

"ನೀನೊಬ್ಳೇನಾ?"

"ಐದ್ ಜನ."

"ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಕೇಳಿದ್ರೆ ಬ್ಯಾಡ ಅಂತಿದ್ರಿ" ಎಂದಳು. ಹಿಂದೆ ಸ್ವಂತ ವಿಳಾಸವಿಲ್ಲದವರು ಕಾಗದಕ್ಕೆ ಅಂಚೆಯವನ ಹೆಸರನ್ನೇ ಕೊಡುತ್ತಿದ್ದರು. ಇದೂ ಅದೇ ಪದ್ಧತಿ ಎಂದು ಸಮಾಧಾನ ಮಾಡಿಕೊಂಡೆ.

ಅಂದಿನಿಂದ ಸಂಜೆ ಐದು ಗಂಟೆಗೆ ಐವರೂ ನೋಟುಪುಸ್ತಕ ಎದೆಗವುಚಿಕೊಂಡು ಬರುವರು. ಊರಿಗೆಲ್ಲ ಅದು ಸ್ಕಾಲರ್‌ಷಿಪ್ ಅರ್ಜಿ ತುಂಬುವ ಕೆಲಸ. ನಾನು ಫೋನನ್ನು ಅವರ ಕೈಗಿಟ್ಟು ನುಗ್ಗೆ ಮರಕ್ಕೆ ನೀರು ಹಾಕಲು ಹೋಗುವೆ. ಓದಿ, ಪಿಸುಗುಟ್ಟಿ, ಒಬ್ಬರನ್ನೊಬ್ಬರು ಚಿವುಟಿ, ಬರೆಯುವುದನ್ನು ಬರೆದು ಫೋನನ್ನು ಕಿಟಕಿಯಲ್ಲಿಟ್ಟು ಹೋಗುವರು. ಆ ತಿಂಗಳು ಆ ಮರ ಕುಡಿದಷ್ಟು ನೀರನ್ನು ನಮ್ಮ ಜಿಲ್ಲೆಯಲ್ಲಿ ಭತ್ತದ ಗದ್ದೆಯೂ ಕುಡಿದಿರಲಾರದು.

ಈ ಏರ್ಪಾಟಿನಲ್ಲಿ ಒಂದು ದೋಷವಿತ್ತು. ಹುಡುಗಿಯರು ಸಂಜೆ ಕೇಳಿದ್ದಕ್ಕೆ ಆಸ್ಪತ್ರೆಯ ನರ್ಸು ಮಾರನೆಯ ಬೆಳಿಗ್ಗೆ ಉತ್ತರ ಕಳಿಸುತ್ತಿದ್ದಳು. ಮೊಬೈಲಿಗೆ ಗೋಂದು ಹಚ್ಚುವ ಅನುಕೂಲವಿಲ್ಲ. ಗಂಟೆ ನೋಡಲು ಕೈಗೆತ್ತಿಕೊಂಡರೂ ಕಾಗದ ತಾನಾಗಿ ಒಡೆದುಕೊಂಡು ಮುಖದ ಮುಂದೆ ನಿಲ್ಲುತ್ತದೆ. ಒಂದು ಬುಧವಾರ ಹಾಗೇ ಆಯಿತು. ಪ್ರಿಯ ಗೆಳತಿಯೇ, ಹನ್ನೊಂದು ದಿನವಾದರೂ ಮುಟ್ಟು ನಿಂತಿಲ್ಲ, ಎದ್ದರೆ ಕಣ್ಣು ಕತ್ತಲೆ ಬರುತ್ತದೆ ಎಂದು ಬರೆದಿದ್ದೀಯ. ಇದಕ್ಕೆ ಕಾಯಬಾರದು. ನಾಳೆ ಗುರುವಾರ ಬೆಳಿಗ್ಗೆ ಧರ್ಮಪುರಿಯ ಆಸ್ಪತ್ರೆಯಲ್ಲಿ ಹರೆಯದವರ ಕ್ಲಿನಿಕ್ಕಿಗೆ ಬಾ. ಈ ಮೆಸೇಜು ತೋರಿಸು.

ಯಾರೆಂದು ಯೋಚಿಸಬೇಕಾಗಿರಲಿಲ್ಲ. ಹಿಂದಿನ ಸಂಜೆ ಉಳಿದ ನಾಲ್ವರು ಹೋದಮೇಲೂ ಕಂಬ ಬಿಡದೆ ನಿಂತಿದ್ದವಳು ಎದುರು ಬೀದಿಯವಳೊಬ್ಬಳೇ. ಅಂದು ಶಾಲೆಗೂ ಹೋಗಿರಲಿಲ್ಲ, ಸಂಜೆ ಬರುತ್ತಾಳೆಂಬ ಭರವಸೆಯೂ ಇರಲಿಲ್ಲ. ಅವಳ ಅಪ್ಪ ಅಮ್ಮ ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟಡಿಯಲ್ಲಿದ್ದವರು, ಬರುವುದು ಭಾನುವಾರ. ಮನೆಯಲ್ಲಿ ಅಜ್ಜಿ. ಅಜ್ಜಿಯೆಂದರೆ ಮೂವತ್ತು ಕುರಿ, ಒಂದು ದೊಣ್ಣೆ ಮತ್ತು ಮಡಿ.

ನಾನೇ ಹೋಗಿ ಬಾಯಲ್ಲಿ ಹೇಳಬಹುದಿತ್ತು. ಆದರೆ ಬೇರೆಯವರ ಕಾಗದದ ವಿಷಯವನ್ನು ಬೇಲಿಯ ಮೇಲಿಂದ ಕೂಗುವುದು ಅಂಚೆಯ ನಡವಳಿಕೆಯಲ್ಲ. ನಾನು ಕ್ರಮಪ್ರಕಾರ ಕೆಲಸ ಮಾಡಿದೆ. ಮೆಸೇಜನ್ನು ಒಂದು ಹಾಳೆಯ ಮೇಲೆ ದುಂಡಗೆ ಬರೆದೆ, ಎಂಟು ಗಂಟೆಯ ಬಸ್ಸಿಗೆ ನಾನೂ ಬರುತ್ತೇನೆಂದು ಕೆಳಗೆ ಸೇರಿಸಿದೆ. ತಂತಿಗೆ ಚುಚ್ಚಿಟ್ಟಿದ್ದ ಹಳೆಯ ಕಾಗದಗಳಿಂದ ಒಂದು ಕವರು ತೆಗೆದೆ. ಅನ್ನದ ಅಗುಳಿನಿಂದ ಅಂಟಿಸಿದೆ. ಮೇಲೆ ಅವಳ ಹೆಸರು, ತಂದೆಯ ಹೆಸರು, ಬೀದಿ, ಪಿನ್‌ಕೋಡು.

ಅಜ್ಜಿ ಹಟ್ಟಿಯ ಬಾಗಿಲಲ್ಲಿ ಕುರಿಯೊಂದರ ಗೊರಸು ನೋಡುತ್ತಿದ್ದಳು.

"ಏನ್ ಪೋಸ್ಟಣ್ಣ, ರಿಟೇರ್ ಆದ್ರೂ ಕೈ ಸುಮ್ಕಿರಲ್ವಾ?"

"ನಿನ್ ಮೊಮ್ಮಗಳಿಗೆ. ಅವಳ ಕೈಗೇ ಕೊಡಮ್ಮ. ಇವತ್ತೇ ಕೊಡು. ದೊಡ್ಡ ವಿಷಯ."

ಅಜ್ಜಿ ಕವರನ್ನು ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅದುವರೆಗೂ ನನ್ನ ಎದುರಿಗೆ ಆ ಸೆರಗು ತಲೆಗೆ ಏರಿದ್ದಿಲ್ಲ.

"ನಿಮ್ಮನೆಯಿಂದ್ಲಾ ಇದು?"

"ನಮ್ಮನೆಯಿಂದ್ಲೇ."

"ಅತ್ಗೆಗೆ ಗೊತ್ತಾ?"

"ಇಲ್ಲ. ಈಗ್ಲೇ ಗೊತ್ತಾಗೋದೂ ಬೇಡ."

ಗುಟ್ಟನ್ನು ಎಷ್ಟು ನಯವಾಗಿ ದಾಟಿಸಿದೆ ಎಂದು ಬೀಗುತ್ತ ಮನೆಗೆ ಬಂದು ಊಟ ಮಾಡಿ ಮಲಗಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಬಂದಳು. ಇಸ್ತ್ರಿ ಮಾಡಿದ ಸೀರೆ. ಕೈಯಲ್ಲಿ ತಟ್ಟೆ; ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು; ಎಲ್ಲದರ ಮೇಲೆ ನನ್ನ ಕವರು, ಒಡೆಯದೆ. ಆಗ ದೀಪದ ಬೆಳಕಿನಲ್ಲಿ ನನಗೆ ಕಂಡದ್ದು: ಕವರಿನ ನಾಲ್ಕು ಮೂಲೆಗೂ ಅರಿಶಿನ. ಅದು ಯಾರದೋ ಮದುವೆಯ ಕರೆಯೋಲೆ ಬಂದಿದ್ದ ಕವರು. ನಲವತ್ತು ವರ್ಷ ಅಂಥ ಸಾವಿರಾರು ಕವರು ಹಂಚಿದ ಕಣ್ಣಿಗೆ ಅರಿಶಿನ ಕಾಣುವುದೇ ನಿಂತುಹೋಗಿತ್ತು.

ನಮ್ಮಲ್ಲಿ ಅರಿಶಿನದ ಕವರು ಹೆಣ್ಣಿರುವ ಮನೆಗೆ ಹೋದರೆ ಅದಕ್ಕೆ ಅರ್ಥ ಒಂದೇ, ಒಳಗಿರುವುದು ಗಂಡಿನ ಜಾತಕ. ಬೇಡವೆಂದರೆ ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಒಡೆಯದ ಕವರನ್ನು ಎಲೆ ಅಡಿಕೆಯ ಜೊತೆ ಹಿಂದಕ್ಕೆ ಕೊಡುತ್ತಾರೆ. ಹೊಸೂರಿನಲ್ಲಿ ಐಟಿಐ ಓದುತ್ತಿರುವ, ಮೀಸೆ ಬರಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ನನ್ನ ಮೊಮ್ಮಗನಿಗೆ, ಅವನ ಅರಿವಿಲ್ಲದೆ, ಒಂದೇ ದಿನದಲ್ಲಿ ಹೆಣ್ಣು ಕೇಳಿ, ಇಲ್ಲವೆನಿಸಿಕೊಂಡೂ ಆಗಿತ್ತು.

"ಪೋಸ್ಟಣ್ಣ, ನಿಮ್ ಸಂಬಂದ ಸಣ್ದಲ್ಲ" ಎಂದು ಅಜ್ಜಿ ಚಾಪೆಯ ಮೇಲೆ ಕೂತು ಶುರುಮಾಡಿದಳು. "ಆದ್ರೆ ಉಡುಗಿ ಓದ್ತಾವ್ಳೆ. ಓದ್ಲಿ ಬುಡಿ. ನನ್ಗೆ ಅದ್ನಾಲ್ಕಕ್ಕೇ ಮಾಡುದ್ರು. ಆ ಚೆಂದ ನಾನು ಕಂಡಿವ್ನಿ."

ಕಾಫಿ ತರುತ್ತಿದ್ದ ನನ್ನ ಹೆಂಡತಿ ಲೋಟ ಹಿಡಿದು ಅಲ್ಲೇ ನಿಂತಳು. "ಯಾವ್ ಸಂಬಂದ? ನಂಗೊಂದ್ ಮಾತೂ ಏಳ್ದೆ ಎಣ್ಣು ಕೇಳೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಹಿಂದೆಯೇ ಬಂದಿದ್ದ ಹುಡುಗಿ ಬಾಗಿಲ ಹೊರಗಿನಿಂದ, "ತಾತಾ, ನಿಮ್ಮನ್ನ ನಂಬಿದ್ನಲ್ಲಾ!" ಎಂದಳು. ಹಾಗೆನ್ನುತ್ತಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಮುಖ, ತೊಳೆದಿಟ್ಟ ಅಕ್ಕಿಯ ಹಾಗೆ ಬಿಳಿಚಿಕೊಂಡಿತ್ತು.

ನಾನು ಎದ್ದೆ. ತಟ್ಟೆಯಿಂದ ಕವರು ತೆಗೆದುಕೊಂಡು ಮೆಟ್ಟಿಲಿಗೆ ಹೋಗಿ ಅವಳ ಕೈಯಲ್ಲಿಟ್ಟೆ. "ನಿನ್ನ ಹೆಸರಿಗೆ ಬಂದದ್ದು. ಒಡೆದು ಓದು."

ಓದಿದಳು. ಎರಡನೆಯ ಸಲ ಓದಿದಳು. ಆಮೇಲೆ ತಲೆಯೆತ್ತದೆ, "ಅಜ್ಜಿ, ಇದು ಮದ್ವೆ ಕಾಗ್ದ ಅಲ್ಲ. ನಾಳೆ ಧರ್ಮಪುರಿ ಆಸ್ಪತ್ರೆಗೆ ಬಾ ಅಂದವ್ರೆ" ಎಂದಳು.

"ಯಾರ್ಗೇನಾಗೈತೆ?"

"ನಂಗೇ. ಅನ್ನೆರ್ಡು ದಿನ ಆಯ್ತು. ನಿಂತಿಲ್ಲ."

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳ ರಾಹುಕಾಲವನ್ನೆಲ್ಲ ಓದತೊಡಗಿದೆ.

"ನಾಕ್ನೇ ದಿನ ತಲೆಗ್ ನೀರ್ ಉಯ್ಕಂಡು ಒಳೀಕ್ ಬಂದ್ಯಲ್ಲೇ!"

"ಬಂದೆ. ಇಲ್ದಿದ್ರೆ ಆ ಹಟ್ಟಿ ಪಕ್ಕದ್ ಜಗ್ಲೀಲೇ ಕೂತಿರ್ಬೇಕಿತ್ತು. ಪರೀಕ್ಷೆ ಇತ್ತು."

"ಸುಕ್ರವಾರ ದೇವ್ರ್ ಮುಂದೆ ದೀಪ ಅಚ್ಚಿದ್ಯಾರು?"

"ನಾನೇ."

ನಾನು ಭಾನುವಾರದ ರಾಹುಕಾಲದವರೆಗೆ ಬಂದಿದ್ದೆ. ಈ ಮುದುಕಿ ಈಗ ದೇವರ ಕಡೆ ಸೇರಿದರೆ ನಾಳೆಯ ಬಸ್ಸು ತಪ್ಪಿತು, ಹುಡುಗಿ ಹದಿಮೂರನೆಯ ದಿನವನ್ನು ಹಟ್ಟಿಯ ಪಕ್ಕದಲ್ಲಿ ಕಳೆಯುತ್ತಾಳೆ ಎಂದುಕೊಳ್ಳುತ್ತ ಮತ್ತೆ ಸೋಮವಾರದಿಂದ ಓದತೊಡಗಿದೆ.

"ಮೊನ್ನೆ ಆ ಕರಿ ಕುರಿ ಮರಿ ಆಕಿ ಎರಡ್ ದಿನ ರಕ್ತ ನಿಲ್ನಿಲ್ಲ" ಎಂದಳು ಅಜ್ಜಿ, ದನಿ ಏರುತ್ತಿತ್ತು. "ಎಗಲ್ ಮೇಲಾಕ್ಕಂಡು, ಬಸ್ನೋನ ಕಾಲ್ ಇಡ್ದು, ಕಾರಿಮಂಗಲದ ದನದ್ ಡಾಕ್ಟ್ರತ್ರ ಓಗ್ನಿಲ್ವಾ? ಅದ್ಕೆ ಬಾಯಿಲ್ಲ. ನಿಂಗೆ ಬಾಯೈತಲ್ಲೇ, ಏಳಕ್ಕೇನಾಗಿತ್ತು?"

"ಅದ್ಕೆ ನೀನು ಬೈಯಲ್ವಲ್ಲ, ಅಜ್ಜಿ."

ಅಜ್ಜಿ ತಟ್ಟೆಯಿಂದ ಒಂದು ಬಾಳೆಹಣ್ಣು ಮುರಿದು, ಸಿಪ್ಪೆ ಸುಲಿದು, ಎದ್ದುಹೋಗಿ ಹುಡುಗಿಯ ಬಾಯಿಗೆ ತುರುಕಿದಳು. "ದೇವ್ರ್ ಇಚಾರ ಆಮ್ಯಾಕೆ ನೋಡ್ಕಳಾನ. ಎಲ್ಗೂ ಓಡೋಗಲ್ಲ ಅವ್ನು. ಬಸ್ಸು ಎಷ್ಟೊತ್ಗೆ, ಪೋಸ್ಟಣ್ಣ?"

"ರಕ್ತ ಕಮ್ಮಿ ಆಗಿರ್ತೈತೆ" ಎಂದಳು ನನ್ನ ಹೆಂಡತಿ, ನಾಡಿವೈದ್ಯರ ಗಾಂಭೀರ್ಯದಲ್ಲಿ. "ಈ ವಯಸ್ನಾಗೆ ಕೆಲವ್ರ್ಗೆ ಇಂಗಾಗೋದುಂಟು. ಎದ್ರಬೇಕಿಲ್ಲ, ಆದ್ರೆ ತೋರಿಸ್ಬೇಕು."

"ನಿನಗೆ ಹೇಗೆ ಗೊತ್ತು?" ಎಂದೆ. ಅವಳಿಗೆ ಯಾವ ಭಾಷೆಯ ಅಕ್ಷರವೂ ಬಾರದು.

"ನಿಮ್ ಫೋನ್‌ನಾಗೆ ಆ ಸ್ಪೀಕರ್ ಗುರ್ತು ಒತ್ತಿದ್ರೆ ಪಾಠನೆಲ್ಲ ಆ ನರ್ಸಮ್ಮ ಬಾಯಲ್ಲೇ ಏಳ್ತಾಳಲ್ಲ. ನೀವು ಮದ್ಯಾನ ಮಲಗಿದ್ಮ್ಯಾಕೆ ದಿನಾ ಕೇಳ್ತೀನಿ. ನಿಮ್ ಗೊರ್ಕೆ ನಿಂತಾಗ ಸರ್ಯಾಗಿ ಕೇಳಿಸ್ತೈತೆ."

ನನ್ನ ನಲವತ್ತು ವರ್ಷದ ಗುಟ್ಟು ಕಾಯುವ ಕೀರ್ತಿಯ ಬಗ್ಗೆ ಆ ಸಂಜೆ ನಾನು ಮತ್ತೇನೂ ಯೋಚಿಸದಿರಲು ತೀರ್ಮಾನಿಸಿದೆ.

ಮಾರನೆಯ ಬೆಳಿಗ್ಗೆ ಅಜ್ಜಿ, ಹುಡುಗಿ, ನಾನು ಮೂವರೂ ಧರ್ಮಪುರಿಗೆ ಹೋದೆವು. ಮೆಸೇಜು ನನ್ನ ಫೋನಿನಲ್ಲಿದ್ದುದರಿಂದ ನಾನಿಲ್ಲದೆ ನಡೆಯುತ್ತಿರಲಿಲ್ಲ. ಕ್ಲಿನಿಕ್ಕಿನ ನರ್ಸು ಫೋನು ನೋಡಿದಳು, ಕಂಪ್ಯೂಟರ್ ನೋಡಿದಳು, ನನ್ನ ಬಿಳಿ ಮೀಸೆ ನೋಡಿದಳು. ಅಲ್ಲಿ ಆ ನಂಬರಿನ ಎದುರು ಐದು ಹುಡುಗಿಯರ ಹೆಸರಿತ್ತು.

"ತಾತಾ, ಅಂದ ಊರು ಪೊಣ್ಣುಂಗ ಎಲ್ಲಾಂ ನೀಂಗದಾನಾ?" ಎಂದಳು. ಆ ಊರಿನ ಹುಡುಗಿಯರೆಲ್ಲ ನೀವೇನಾ ಎಂದು.

"ಐದು ಜನ ಮಾತ್ರ" ಎಂದು ನಾನು ವಿನಯದಿಂದ ತಮಿಳಿನಲ್ಲೇ ಒಪ್ಪಿಕೊಂಡೆ.

ಮೊದಲು ಹುಡುಗಿಯೊಬ್ಬಳೇ ಒಳಗೆ ಬರಲಿ ಎಂದರು. ಅಜ್ಜಿಗೆ ಇದು ಅವಮಾನ. "ಎತ್ತಿ ಆಡ್ಸಿದೋಳು ನಾನು, ನಂಗೆ ಗೊತ್ತಿಲ್ದಿರೋದು ಏನೈತೆ ಒಳಗೆ?" ಎಂದು ಬೆಂಚಿನ ಮೇಲೆ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದಳು. ಮುಕ್ಕಾಲು ಗಂಟೆಯ ಮೇಲೆ ಹುಡುಗಿ ಮೊಣಕೈ ಮಡಿಸಿ ಹತ್ತಿ ಒತ್ತಿಕೊಂಡು ಹೊರಗೆ ಬಂದು, ತಾನಾಗಿಯೇ ಎಲ್ಲ ಹೇಳಿದಳು. ರಕ್ತ ತುಂಬ ಕಡಿಮೆಯಾಗಿದೆ. ನಿಲ್ಲಲು ಒಂದು ಮಾತ್ರೆ, ರಕ್ತಕ್ಕೆ ಇನ್ನೊಂದು ಮಾತ್ರೆ. ಬರುವ ಗುರುವಾರ ಸ್ಕ್ಯಾನು. ಬಂದದ್ದು ಒಳ್ಳೆಯದಾಯಿತು, ಇನ್ನೂ ತಡ ಮಾಡಿದ್ದರೆ ರಕ್ತ ಏರಿಸಬೇಕಾಗುತ್ತಿತ್ತು ಎಂದರಂತೆ ಡಾಕ್ಟರು.

ತಿರುಗಿ ಬರುವ ಬಸ್ಸು ತುಂಬಿತ್ತು. ಅಜ್ಜಿಗೆ ಒಂದು ದೃಢವಾದ ನಂಬಿಕೆ: ಬಸ್ಸೆಂದರೆ ತಮಿಳು, ಅದರಲ್ಲಿ ಕನ್ನಡದಲ್ಲಿ ಆಡಿದ್ದು ಯಾರಿಗೂ ತಿಳಿಯದು. ಆದ್ದರಿಂದ ಬಸ್‌ಸ್ಟ್ಯಾಂಡು ದಾಟುವ ಮೊದಲೇ, ಕುರಿ ಕರೆಯುವ ದನಿಯಲ್ಲಿ, ಎಷ್ಟು ದಿನ, ಎಷ್ಟು ಬಟ್ಟೆ, ಯಾವ ಮಾತ್ರೆ, ಇನ್ನುಮೇಲೆ ಡಾಕ್ಟರು ಸಾಕೆನ್ನುವವರೆಗೂ ಒಳಗೇ ಮಲಗಬೇಕು, ದೇವರಿಗೆ ಅಷ್ಟು ದಿನ ತಾನೇ ದೀಪ ಹಚ್ಚುತ್ತೇನೆ ಎಂದು ಎಲ್ಲವನ್ನೂ ವಿವರವಾಗಿ ತೀರ್ಮಾನಿಸಿದಳು. ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಬೇರೆ ಬಸ್ಸಿನವನ ಹಾಗೆ ನಟಿಸುತ್ತಿದ್ದೆ.

ಟಿಕೆಟು ಕೊಡಲು ಬಂದ ಕಂಡಕ್ಟರು ಬಾಗಿ, "ಅಜ್ಜಿ, ಆ ಕಬ್ಬಿಣದ್ ಮಾತ್ರೇನ ಟೀ ಜೊತೆ ಮಾತ್ರ ಕೊಡ್ಬ್ಯಾಡಿ" ಎಂದ, ನಮ್ಮದೇ ಕನ್ನಡದಲ್ಲಿ. "ಊಟ ಆದ್ಮ್ಯಾಕೆ ಕೊಡಿ. ನನ್ ಮಗಳ್ಗೂ ಇದೇ ಕೊಟ್ಟಿದ್ರು."

ಅಜ್ಜಿಯ ಬಾಯಿ ಮುಚ್ಚಿದ್ದನ್ನು ನಾನು ಮೊದಲ ಸಲ ಕಂಡೆ. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ, ನಿಂಬೆಹಣ್ಣಿನ ಪಾನಕದ ಜೊತೆ ಕೊಟ್ಟರೆ ಇನ್ನೂ ಒಳ್ಳೆಯದು ಎಂದಳು. ಅವಳದೂ ಕನ್ನಡವೇ.

ದುಪಟ್ಟಾದ ಒಳಗೆ ಹುಡುಗಿಯ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ನಾನು ಗಾಬರಿಯಾದೆ. ಮುಸುಕು ಸರಿಸಿದಾಗ ನೋಡಿದರೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು. ಅದನ್ನು ಒರೆಸಿಕೊಂಡು, ಬಸ್ಸಿನ ಅಷ್ಟೂ ಜನರ ನಡುವೆ, ನೇರವಾಗಿ ಕೇಳಿದಳು:

"ಅಣ್ಣಾ, ನಿಮ್ ಮಗಳ್ಗೆ ಎಷ್ಟ್ ದಿನಕ್ಕೆ ಸರಿಯೋಯ್ತು?"

"ನಿಲ್ಲಾದು ಬೇಗ ನಿಂತೋಯ್ತಮ್ಮ. ಮಾತ್ರೆ ಮಾತ್ರ ಮೂರ್ ತಿಂಗ್ಳು ಬುಡ್ದೆ ತಿಂದ್ಲು. ಈಗ ಕಬಡ್ಡಿ ಆಡ್ತಾಳೆ."

ಹುಡುಗಿ ತಾನೂ ಕಬಡ್ಡಿ ಆಡಬಹುದೇ ಎಂದು ಅಜ್ಜಿಯ ಕಡೆ ತಿರುಗಿದಳು. ಅಜ್ಜಿಗೆ ಮಾತು ಮರಳಿ ಬಂತು. ಮೊರಪ್ಪೂರಿನಲ್ಲಿ ಇಳಿಯುವವರೆಗೂ ಅದೇ ಜಗಳ.